ತಾಳ ತಪ್ಪದ ಕೈ

1996ರಲ್ಲಿ ನಾನು ಕೊಲ್ಲಿಯ ತೈಲ ಪಟ್ಟಣ ರಾಸ್ ತನೂರಾದ ಹತ್ತಿರ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ. ಮೈಸೂರಿನಲ್ಲಿ ಓದು ಮುಗಿಸಿ, ಅಣ್ಣ ಅತ್ತಿಗೆಯ ಜೊತೆ ಇದ್ದುಕೊಂಡು ಅಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಯಂತ್ರಗಳ ಗದ್ದಲದಲ್ಲಿ ದುಡಿಯುವ ಗುತ್ತಿಗೆ ನೌಕರರ ಕಿವಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಸಹಿ ಹಾಕುವುದು ನನ್ನ ಕೆಲಸ.

ಪರೀಕ್ಷೆ ಸರಳ. ನೌಕರರು ಶಬ್ದನಿರೋಧಕ ಕೋಣೆಯಲ್ಲಿ ನನಗೆ ಬೆನ್ನು ಹಾಕಿ, ಹೆಡ್‌ಫೋನ್ ಧರಿಸಿ ಕೂರುತ್ತಾರೆ. ನಾನು ಹೊರಗಿನಿಂದ ಇಪ್ಪತ್ತೈದು ಡೆಸಿಬಲ್‌ನ, ಅಂದರೆ ಪಿಸುಮಾತಿನಷ್ಟು ಮೆಲ್ಲನೆಯ, ನಾದಗಳನ್ನು ಕಳಿಸುತ್ತೇನೆ. ಕೇಳಿಸಿದಾಗಲೆಲ್ಲ ಅವರು ಗುಂಡಿ ಒತ್ತಿದರೆ ನನ್ನ ಯಂತ್ರದಲ್ಲಿ ಹಸಿರು ದೀಪ ಹೊತ್ತುತ್ತದೆ. ದಿನಕ್ಕೆ ನಲವತ್ತು ಜನ. ಮೂರು ಸೆಕೆಂಡಿಗೊಂದು ನಾದ ಎಂಬುದು ನನ್ನ ಕೈಗೆ ಕೂತುಬಿಟ್ಟಿತ್ತು. ಅದನ್ನು ನಾನು ಶಿಸ್ತು ಎಂದುಕೊಂಡಿದ್ದೆ.

ಮಾರ್ಚ್‌ನಲ್ಲಿ ಹಮೀದ್ ಬಂದರು, ಹಿಂದಿನ ವರ್ಷವೂ ನನ್ನ ಬಳಿಯೇ ಪಾಸಾಗಿದ್ದವರು. ಮಂಗಳೂರಿನ ಕಡೆಯವರು, ಕಂಪ್ರೆಸರ್ ಹೌಸಿನಲ್ಲಿ, ಅಂದರೆ ಅತಿ ಗದ್ದಲದ ಯಂತ್ರಕೋಣೆಯಲ್ಲಿ, ಫಿಟ್ಟರ್. ಜೊತೆಗೆ ಅವರದೇ ವಿಭಾಗದ, ಕಾರ್ಮಿಕರ ಕ್ಯಾಂಪಿನಲ್ಲಿ ಅವರ ರೂಮಿನವನೇ ಆದ ವಾಸು.

"ಮೇಡಂ, ಇವನ ಕಿವಿ ಸರೀ ನೋಡಿ ಆಯ್ತಾ. ಮುಂದಿನ ತಿಂಗಳು ಇವ ಇಂಡಿಯಾಕ್ಕೆ ಹಾಡುದು!" ಎಂದ ವಾಸು.

ಕೊಲ್ಲಿಯಲ್ಲಿ ದುಡಿಯುವ ವಿದೇಶಿಯರಿಗಾಗಿ ಉಪಗ್ರಹ ವಾಹಿನಿಯೊಂದು ಬಹರೈನ್‌ನಲ್ಲಿ ಹಾಡಿನ ಸ್ಪರ್ಧೆ ಏರ್ಪಡಿಸಿತ್ತು. ಒಂದು ದೇಶಕ್ಕೆ ಒಬ್ಬರೇ ಗಾಯಕರು. ಭಾರತದ ಪರವಾಗಿ ಹಮೀದ್ ಆಯ್ಕೆಯಾಗಿದ್ದರು.

"ಎಲ್ಲಿ ಅಭ್ಯಾಸ ಮಾಡ್ತೀರಿ?" ಎಂದು ಕೇಳಿದೆ.

"ಎಂತ ಅಭ್ಯಾಸ ಮೇಡಂ! ರೂಮಲ್ಲಿ ಬಾಯಿ ತೆಗೆದ್ರೆ ನಾವು ಚಪ್ಪಲಿ ಬಿಸಾಡ್ತೇವೆ. ಪಾಪ, ಕಂಪ್ರೆಸರ್ ಹತ್ರ ನಿಂತು, ಇಯರ್ ಮಫ್ ತೆಗೆದು ಹಾಡುದು. ಅಲ್ಲಿ ಬಯ್ಲಿಕ್ಕೆ ಯಾರಿಲ್ಲ."

"ಸುಮ್ನಿರು ಮಾರಾಯ," ಎಂದರು ಹಮೀದ್, ತುಸು ಗಡುಸಾಗಿ.

ವಾಸು ನಕ್ಕ, ನಾನೂ ನಕ್ಕೆ. ಕಿವಿ ಕಾಯುವ ಮಫ್ ತೆಗೆದು ಆ ಸದ್ದಿನಲ್ಲಿ ನಿಲ್ಲುವುದೆಂದರೆ ಏನೆಂದು ಅಲ್ಲಿದ್ದವರಲ್ಲಿ ಓದಿ ತಿಳಿದಿದ್ದವಳು ನಾನೊಬ್ಬಳೇ. ಪರೀಕ್ಷೆಯಲ್ಲಿ ಪ್ರತಿ ನಾದಕ್ಕೂ ದೀಪ ಹೊತ್ತಿತು. ಪಾಸ್ ಎಂದು ಸಹಿ ಹಾಕಿದೆ.

ಸ್ಪರ್ಧೆಯ ನೇರ ಪ್ರಸಾರವನ್ನು ಅಣ್ಣನ ಮನೆಯಲ್ಲಿ ನೋಡಿದೆವು. ಭಾರತದ ಸರದಿಯಲ್ಲಿ ವಾದ್ಯಮೇಳದವರು ಪೀಠಿಕೆಯನ್ನು ಕೊಂಚ ಎಳೆದರು. ಗಾಯಕರಿಗೆ ಸೂಚನೆ ಕೊಡುವ ಸಣ್ಣ ಗಂಟೆ ಇನ್ನೂ ಬಾರಿಸಿರಲಿಲ್ಲ. ಹಮೀದ್ ಹಾಡಲು ಶುರುಮಾಡಿಬಿಟ್ಟಿದ್ದರು. ಗಂಟೆ ಅವರ ಹಾಡಿನ ಮೇಲೆಯೇ ಬಿತ್ತು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಅಯ್ಯೋ, ದೇಶದ ಮಾನ ತೆಗೆದುಬಿಟ್ಟ," ಎಂದರು ಅತ್ತಿಗೆ.

ನಾನು ಹಮೀದ್ ಅವರ ಬಲಗೈ ನೋಡುತ್ತಿದ್ದೆ. ಹೆಬ್ಬೆರಳು ತೊಡೆಯ ಮೇಲೆ ಒತ್ತಿ ಒತ್ತಿ ಎಣಿಸುತ್ತಿತ್ತು. ನನ್ನ ಗುಂಡಿ ಒತ್ತುತ್ತಿದ್ದುದೂ ಅದೇ ಬೆರಳು.

ಮುಂದಿನ ವಾರ ಅವರನ್ನು ಮರುಪರೀಕ್ಷೆಗೆ ಕರೆಸಿದೆ. ಎಂದಿನ ಲಯದಲ್ಲೇ ಆರಂಭಿಸಿ, ಎಂಟನೆಯ ನಾದದ ಬಳಿಕ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಹೆಡ್‌ಫೋನಿನಲ್ಲಿ ಬರೀ ಮೌನ. ಮೂರು ಸೆಕೆಂಡಿಗೆ ಹಸಿರು ದೀಪ ಹೊತ್ತಿತು. ಇನ್ನು ಮೂರಕ್ಕೆ ಮತ್ತೆ. ನಾಲ್ಕು ಸಲ ನೋಡಿ, ಬಾಗಿಲು ತೆರೆದೆ.

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು ಮೇಡಂ." ಅವರು ತಲೆ ಎತ್ತಲಿಲ್ಲ. "ನಿಮ್ಮ ಕೈ ತಾಳ ತಪ್ಪುದಿಲ್ಲ."

ಲಯ ಮುರಿದು ಪೂರ್ತಿ ಪರೀಕ್ಷೆ ಮಾಡಿದೆ. ಮೇಲಿನ ಸ್ವರಗಳಲ್ಲಿ, ನಾಲ್ಕು ಸಾವಿರ ಹರ್ಟ್ಸ್‌ನಲ್ಲಿ, ಗಟ್ಟಿ ಮಾತಿನಷ್ಟು ಜೋರಾದ ಎಪ್ಪತ್ತು ಡೆಸಿಬಲ್‌ವರೆಗೂ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ.

"ಬರೀಬೇಡಿ ಮೇಡಂ. ಕಿವಿ ಹೋಯ್ತು ಅಂತ ಗೊತ್ತಾದ್ರೆ ಕಫೀಲ್ ಊರಿಗೆ ಕಳಿಸ್ತಾನೆ."

"ಅಲ್ಲೇ ಇದ್ದರೆ ಉಳಿದದ್ದೂ ಹೋಗುತ್ತೆ."

"ಕಿವಿ ನನ್ನದಲ್ವಾ?"

"ಸಹಿ ನನ್ನದು," ಎಂದೆ. ಅಷ್ಟು ಒರಟಾಗಿ ಹೇಳಬೇಕಾಗಿರಲಿಲ್ಲ.

ಇದ್ದದ್ದನ್ನು ಇದ್ದಂತೆ ಬರೆದೆ. ಸದ್ದಿಲ್ಲದ ವಿಭಾಗಕ್ಕೆ ವರ್ಗಾಯಿಸಿ ಎಂದು ಶಿಫಾರಸನ್ನೂ ಸೇರಿಸಿದೆ. ಅವರ ಕಫೀಲ್, ಅಂದರೆ ವೀಸಾ ಕೊಟ್ಟ ಉದ್ಯೋಗದಾತರು, ಶಿಫಾರಸನ್ನು ಬಿಟ್ಟು ಫಲಿತಾಂಶವನ್ನಷ್ಟೇ ಓದಿದರು. ಹದಿನೈದು ದಿನಗಳಲ್ಲಿ ಹಮೀದ್‌ಗೆ ಫೈನಲ್ ಎಕ್ಸಿಟ್, ಅಂದರೆ ಮರಳಿ ಬರಲಾಗದ ನಿರ್ಗಮನ ಮುದ್ರೆ, ಬಿತ್ತು. ಬೀಳ್ಕೊಳ್ಳಲು ಅವರು ಕ್ಲಿನಿಕ್ಕಿಗೆ ಬರಲಿಲ್ಲ. ಬರುವರೆಂದು ನಾನೂ ನಿರೀಕ್ಷಿಸಿರಲಿಲ್ಲ.

ಮೊದಲ ವರ್ಷವೇ ನನ್ನ ಕೈ ಒಮ್ಮೆ ತಡವರಿಸಿದ್ದರೆ ಅವರ ಕಿವಿ ಅಷ್ಟು ಹಾಳಾಗುತ್ತಿರಲಿಲ್ಲ. ಅಂದಿನಿಂದ ನಾನು ಯಾರನ್ನೂ ಒಂದೇ ಲಯದಲ್ಲಿ ಪರೀಕ್ಷಿಸಿಲ್ಲ. ನಡುವೆಲ್ಲೋ ಕೈ ಮಡಿಲಲ್ಲಿಟ್ಟು ಹತ್ತು ಸೆಕೆಂಡ್ ಸುಮ್ಮನೆ ಕೂರುತ್ತೇನೆ. ಮರುವರ್ಷ ವಾಸು ಪರೀಕ್ಷೆಗೆ ಬಂದಾಗಲೂ ಹಾಗೇ, ಯಾವ ನಾದವನ್ನೂ ಕಳಿಸದೆ ಕೂತೆ.

ದೀಪ ಹೊತ್ತಿತು.