ಉಂಡ್ರಾ ಎಂದು ಕೇಳುವ ಮುನ್ನ

ನಮ್ಮ ಸೀಮೆಯ ಜನರಿಗೆ ಫೋನಿನಲ್ಲಿ ‘ಹಲೋ’ ಎಂಬುದು ಗಂಟಲು ಸರಿಮಾಡಿಕೊಳ್ಳುವ ಸದ್ದೇ ಹೊರತು ಮಾತಲ್ಲ. ಮಾತು ಶುರುವಾಗುವುದು ಅದರ ಬೆನ್ನಿಗೇ ಬರುವ ‘ಉಂಡ್ರಾ?’ ಎಂಬ ಪ್ರಶ್ನೆಯಿಂದ. ಬೆಳಗ್ಗೆಯಾದರೆ ಅದು ‘ತಿಂಡಿ ಆಯ್ತಾ?’ ಎಂಬ ವೇಷ ತೊಡುತ್ತದೆ, ಇಳಿಹೊತ್ತಿನಲ್ಲಿ ‘ಕಾಫಿ ಕುಡುದ್ರಾ?’ ಎಂದು ಹಗುರಾಗುತ್ತದೆ, ಯಾವ ಆಹಾರಕ್ಕೂ ಸಲ್ಲದ ಹೊತ್ತಿನಲ್ಲಿ ‘ಮತ್ತೆ, ಊಟ?’ ಎಂದು ಸುಮ್ಮನೆ ತೇಲಿಬಿಡುತ್ತದೆ. ಸಾಲದ ವಿಷಯವಿರಲಿ, ಸಂಬಂಧದ ವಿಷಯವಿರಲಿ, ಜಮೀನಿನ ಗಡಿಕಲ್ಲಿನ ವ್ಯಾಜ್ಯವೇ ಇರಲಿ, ಎದುರಾಳಿಯ ಜಠರದ ಸ್ಥಿತಿಗತಿಯನ್ನು ವಿಚಾರಿಸದೆ ಜಗಳವನ್ನೂ ಆರಂಭಿಸಲಾಗದಷ್ಟು ಸುಸಂಸ್ಕೃತರು ನಾವು. ಮಧುಮೇಹಿಯಾದ ನನಗೆ ದಿನವಿಡೀ ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುವುದು ಸ್ವಲ್ಪ ಮುಜುಗರದ ಕೆಲಸ. ತಿನ್ನಬಾರದ್ದನ್ನು ತಿಂದ ದಿನಗಳಲ್ಲಿ ‘ಆಯ್ತು’ ಎಂಬ ಒಂದೇ ಪದದಲ್ಲಿ ಪಾರಾಗುತ್ತೇನೆ.

ಈ ಪ್ರಶ್ನೆಗೆ ಒಂದು ಕಪ್ಪು ಮಗ್ಗುಲೂ ಇದೆ ಎಂಬುದು ಹೊರಗಿನವರಿಗೆ ತಿಳಿದಿರಲಾರದು, ಓದುಗರೇ. ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ನಮ್ಮಲ್ಲಿ ತಲೆಗೆ ನೀರು ಬೀಳುವವರೆಗೆ ಅನ್ನ ಮುಟ್ಟುವಂತಿಲ್ಲ. ಆದ್ದರಿಂದ ಕೆಟ್ಟ ಸುದ್ದಿ ಹೊತ್ತವರು ಮೊದಲು ‘ಉಂಡ್ರಾ?’ ಎಂದು ಕೇಳುತ್ತಾರೆ. ಇಲ್ಲ ಎಂದರೆ ಸುದ್ದಿಯನ್ನು ನುಂಗಿಕೊಂಡು ಕಾಯುತ್ತಾರೆ. ಮಾಗಡಿಯ ನಮ್ಮ ಸೋದರತ್ತೆ ಒಮ್ಮೆ ಫೋನ್ ಮಾಡಿ, “ಉಂಡ್ಯಾ?” ಎಂದರು. ಇಲ್ಲ ಎಂದೆ. “ಮೊದ್ಲು ಉಣ್ಣೋಗು, ಆಮ್ಯಾಕೆ ಮಾಡ್ತೀನಿ” ಎಂದು ಇಟ್ಟುಬಿಟ್ಟರು. ಹಾಸಿಗೆ ಹಿಡಿದಿದ್ದ ಮಾವ ಹೋದರೆಂಬುದು ನನಗೆ ಆ ಕ್ಷಣವೇ ತಿಳಿಯಿತು. ಆದರೂ ಎಲೆಯ ಮುಂದೆ ಕೂತು, ಇಳಿಯದ ತುತ್ತನ್ನು ನೀರಿನಲ್ಲಿ ಇಳಿಸಿ, ಕೈತೊಳೆದು ಅತ್ತೆಯ ಕರೆಗೆ ಕಾದೆ. ಅಷ್ಟು ಕರುಣೆ ಆ ಪ್ರಶ್ನೆಯಲ್ಲಿದೆ.

ಇಂಥ ಜನಕ್ಕೆ ನಾನು ವಂಚನೆಯಿಂದ ಪಾರಾಗುವ ವಿದ್ಯೆ ಕಲಿಸಲು ಹೊರಟೆ. ನಿವೃತ್ತ ಅಧ್ಯಾಪಕನನ್ನು ಮನೆಯಲ್ಲಿ ಸುಮ್ಮನೆ ಕೂರಿಸುವುದು ಅಪಾಯವೆಂದು ಭಾವಿಸಿ ಚನ್ನಪಟ್ಟಣದ ನಮ್ಮ ಪತ್ತಿನ ಸಹಕಾರ ಸಂಘದವರು ನನ್ನನ್ನು ನಿರ್ದೇಶಕನನ್ನಾಗಿ ಆರಿಸಿಕೊಂಡಿದ್ದರು. ಲೆಕ್ಕಪತ್ರದಲ್ಲಿ ನನ್ನ ಪಾಂಡಿತ್ಯ ಎಷ್ಟೆಂಬುದು ಮೊದಲ ಸಭೆಯಲ್ಲೇ ಬಯಲಾದ್ದರಿಂದ, ಸಂಘದ ಕಾರ್ಯದರ್ಶಿ ನಿಸಾರ್ ಬಹಳ ಗೌರವಪೂರ್ವಕವಾಗಿ ನನ್ನನ್ನು ಭಾಷಣದ ಖಾತೆಗೆ ವರ್ಗಾಯಿಸಿದರು. ಸದಸ್ಯರಿಗೆ ಮೋಸದ ಕರೆಗಳ ಬಗ್ಗೆ ಎಚ್ಚರ ಹೇಳುವುದು ನನ್ನ ಕೆಲಸ. ಊರೂರಿಗೆ ಹೋಗಿ, ಶಾಮಿಯಾನದ ಕೆಳಗೆ ನಿಂತು, ನೆರೆದ ಸದಸ್ಯರ ಸಹನೆಯನ್ನು ಪರೀಕ್ಷಿಸಿ, ಕೊನೆಗೆ ತಲೆಯಾಡಿಸುವ ಅರಗುಬಣ್ಣದ ಮರದ ಬೊಂಬೆಯೊಂದನ್ನು ನೆನಪಿನ ಕಾಣಿಕೆಯಾಗಿ ಪಡೆದು ಬರುತ್ತಿದ್ದೆ. ಸಭೆಯೂ ಹಾಗೆಯೇ ತಲೆಯಾಡಿಸಿರುತ್ತಿತ್ತು. ಎರಡರಲ್ಲೂ ಒಳಗೆ ಏನು ಇಳಿಯಿತೆಂದು ಹೇಳುವುದು ಕಷ್ಟ.

ನನ್ನ ಭಾಷಣದ ತಿರುಳು ಇಷ್ಟು: ವಂಚಕನು ಮನುಷ್ಯನೊಳಗೆ ಪ್ರವೇಶಿಸುವುದು ಲೋಭ ಮತ್ತು ಭಯ ಎಂಬ ದ್ವಾರಗಳಿಂದ. ಬಹುಮಾನ ಬಂದಿದೆ ಎಂದರೆ ಆಸೆಪಡಬೇಡಿ. ಖಾತೆ ನಿಂತುಹೋಗುತ್ತದೆ, ಪೊಲೀಸರು ಬರುತ್ತಾರೆ ಎಂದರೆ ಹೆದರಬೇಡಿ. ಫೋನಿಗೆ ಬಂದ ನಂಬರನ್ನು ಹೆತ್ತ ಮಗನಿಗೂ ಓದಿ ಹೇಳಬೇಡಿ. ದುಡ್ಡು ಹೋಯಿತೆಂದು ತಿಳಿದ ಕೂಡಲೆ, ನಾಚಿಕೆಪಡುತ್ತಾ ಕೂರದೆ, ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ. ಹೊತ್ತು ಕಳೆದಷ್ಟೂ ಹಣ ದೂರ ಹೋಗುತ್ತದೆ. ಈ ದ್ವಾರಗಳ ರೂಪಕ ನನಗೆ ಬಹಳ ಇಷ್ಟವಾಗಿತ್ತು. ಅದನ್ನು ಹೇಳುವಾಗ ಒಂದೊಂದು ಕೈಯನ್ನೂ ಬೇರೆ ಬೇರೆಯಾಗಿ ಚಾಚಿ, ಮುಚ್ಚಿ, ಬೀಗ ಹಾಕಿದಂತೆ ಅಭಿನಯಿಸುತ್ತಿದ್ದೆ.

ಹೊಂಗನೂರಿನ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಈ ಅಭಿನಯವನ್ನು ಕಣ್ಣು ಕೀಲಿಸಿ ನೋಡಿದವರು ಜಯಮ್ಮ. ಆ ಊರಿನ ಹೆಂಗಸರು ನಮ್ಮ ಸಂಘದ ಸದಸ್ಯರಾದದ್ದೇ ಅವರ ಮಾತಿನಿಂದ. ಗಂಡ ಹಿಪ್ಪುನೇರಳೆ ತೋಟ ನೋಡಿಕೊಂಡರೆ, ರೇಷ್ಮೆ ಹುಳ ಸಾಕುವುದು ಪೂರ್ತಿ ಜಯಮ್ಮನವರ ಪಾಲಿನದು. ಹುಳಕ್ಕೆ ಸೊಪ್ಪು ಹಾಕದೆ ತಾವು ತಟ್ಟೆ ಮುಂದೆ ಕೂತವರಲ್ಲ. ಅಂದು ಭಾಷಣ ಮುಗಿದದ್ದೇ, ನನ್ನ ಲೋಭ ಭಯಗಳ ಬಗ್ಗೆ ಒಂದು ಮಾತೂ ಆಡದೆ, “ಮೇಷ್ಟ್ರೇ, ಅಷ್ಟೊತ್ನಿಂದ ನಿಂತೇ ಇದ್ದೀರಿ, ಉಂಡ್ರಾ? ಬನ್ನಿ, ಉಪ್ಸಾರು ಮಾಡಿವ್ನಿ, ಒಸಿ ಮುದ್ದೆ ಐತೆ” ಎಂದು ಕರೆದೊಯ್ದರು. ಮನೆಯ ಮಗ್ಗುಲಿಗಿದ್ದ ಹುಳುಮನೆಯಲ್ಲಿ ಬಲಿತ ಹುಳುಗಳು ಸೊಪ್ಪು ಮೇಯುತ್ತಿದ್ದ ಸದ್ದು, ಒಣಗಿದೆಲೆಯ ಮೇಲೆ ಸಣ್ಣ ಹನಿ ಬೀಳುವಂತೆ, ಊಟದುದ್ದಕ್ಕೂ ಕೇಳುತ್ತಿತ್ತು. ಹುಳುಮನೆಯ ಹಳೆಯ ಶೀಟು ಬಿಸಿಲಿಗೆ ಕಾದು ಹುಳ ಸಾಯುತ್ತಿವೆಯೆಂದೂ, ಈ ಬೆಳೆಯ ರೇಷ್ಮೆಗೂಡು ರಾಮನಗರದ ಮಾರುಕಟ್ಟೆಯಲ್ಲಿ ಮಾರಾಟವಾದ ಮೇಲೆ ಆ ದುಡ್ಡಿನಲ್ಲಿ ಮಾಡು ಬದಲಿಸುವುದೆಂದೂ ಹೇಳಿದರು. ನಾನು ಮಧುಮೇಹವನ್ನು ಮರೆತು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ, ನಾನು ಊಟಕ್ಕೆಂದು ಕೈತೊಳೆಯುತ್ತಿದ್ದಾಗ, ನಮ್ಮ ಮನೆಯ ಜಗಲಿಯ ಮೇಲೆ ಜಯಮ್ಮ ಬಂದು ಕೂತರು. ಬಸ್ಸಿಳಿದು ಬಿಸಿಲಲ್ಲಿ ನಡೆದುಬಂದಿದ್ದರು. ನಾನು ಬಾಗಿಲಿಗೆ ಬಂದೊಡನೆ ಮುಖ ನೋಡದೆಯೇ, “ಉಂಡ್ರಾ ಮೇಷ್ಟ್ರೇ?” ಎಂದರು. ಇಲ್ಲವೆಂದೆ, ಒಳಗೆ ಕರೆದೆ. “ನಂದಾಯ್ತು. ನೀವು ಉಂಡ್ ಬನ್ನಿ, ಇಲ್ಲೇ ಕುಂತಿರ್ತೀನಿ” ಎಂದು ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದರು. ಮಾಗಡಿಯ ಅತ್ತೆಯ ಫೋನು ನೆನಪಾಯಿತು. ಯಾರು ಹೋದರೋ ಎಂದುಕೊಳ್ಳುತ್ತಾ ಹೇಗೋ ಉಂಡು ಬಂದೆ. ಯಾರೂ ಹೋಗಿರಲಿಲ್ಲ; ಗೂಡಿನ ದುಡ್ಡು ಹೋಗಿತ್ತು. ಜಯಮ್ಮನವರ ಧ್ವನಿಯಲ್ಲಿ ಅವೆರಡರ ನಡುವೆ ಹೆಚ್ಚು ಅಂತರವಿರಲಿಲ್ಲ.

ಗೂಡು ಮಾರಿದ ದುಡ್ಡು ಖಾತೆಗೆ ಬಿದ್ದ ಮೇಲೆ, ಮುಂದಿನ ಬೆಳೆಯ ಹುಳಕ್ಕೆ ಸೊಪ್ಪು ಹಾಕುವಾಗ ಕರೆ ಬಂದಿದೆ. ಸೊಸೈಟಿಯಿಂದ ಮಾತಾಡುತ್ತಿದ್ದೇನೆ, ನಿಮ್ಮ ಖಾತೆಯ ದಾಖಲೆ ಸರಿಯಿಲ್ಲ, ಇವತ್ತೇ ಸರಿಮಾಡದಿದ್ದರೆ ಗೂಡಿನ ದುಡ್ಡು ನಿಂತುಹೋಗುತ್ತದೆ ಎಂದಿದ್ದಾನೆ ಹುಡುಗ. ಜಯಮ್ಮ ಹೆದರಲಿಲ್ಲ. ನಾಳೆ ನಾನೇ ಸೊಸೈಟಿಗೆ ಬಂದು ಮಾಡಿಸುತ್ತೇನೆ ಎಂದರು. ಇವತ್ತೇ ಮಾಡಿದರೆ ಹೆಚ್ಚು ಬಡ್ಡಿ ಸಿಗುತ್ತದೆ ಎಂದ. ಬೇಡಪ್ಪಾ ಎಂದರು. ನನ್ನ ಎರಡೂ ಬಾಗಿಲುಗಳಿಗೆ ನಾನು ಅಭಿನಯಿಸಿ ತೋರಿಸಿದ ಹಾಗೆಯೇ ಬೀಗ ಜಡಿದಾಗಿತ್ತು. ಆಮೇಲೆ, ಕರೆ ಮುಗಿಸುವ ಮುಂಚೆ, ಹುಟ್ಟಿದಂದಿನಿಂದ ನಾಲಗೆಯ ಮೇಲಿರುವ ಮಾತನ್ನು ಕೇಳಿದ್ದಾರೆ: “ಉಂಡ್ಯೇನಪ್ಪಾ?”

ಅವನು ಒಂದು ಗಳಿಗೆ ಸುಮ್ಮನಾದನಂತೆ. ಆ ಗಳಿಗೆಯಲ್ಲಿ ಅವನೊಳಗೆ ಏನು ನಡೆಯಿತೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವನನ್ನು ಆ ಮಾತು ಕೇಳಿದವರು ಯಾರೂ ಇರಲಿಲ್ಲವೋ, ಅವನ ತಾಯಿ ನೆನಪಾದಳೋ, ಅಥವಾ ನನ್ನಂಥ ಭಾಷಣಕಾರನಿಗೆ ಹೊಳೆಯದ ಮೂರನೆಯ ಬಾಗಿಲೊಂದು ತಾನಾಗಿ ತೆರೆದುಕೊಂಡದ್ದನ್ನು ಕಂಡು ಬೆರಗಾದನೋ. ಏನಾದರಾಗಲಿ, “ಇಲ್ಲ ಅಮ್ಮಾ, ಬೆಳಗ್ಗೆಯಿಂದ ಏನೂ ತಿಂದಿಲ್ಲ. ಎಲ್ಲರ ಕೆಲಸ ಮುಗಿಯೋ ತನಕ ಏಳೋ ಹಾಗಿಲ್ಲ. ನಿಮ್ಮದೊಂದೇ ಉಳಿದಿರೋದು” ಎಂದ.

“ನೀವು ಆಸೆ ಪಡ್ಬ್ಯಾಡಿ ಅಂದ್ರಿ, ಪಡ್ನಿಲ್ಲ. ಎದ್ರುಕೊಬ್ಯಾಡಿ ಅಂದ್ರಿ, ಎದ್ರುಕೊನಿಲ್ಲ. ಉಣ್ದೆ ಕುಂತಿವ್ನಿ ಅಂದ್ನಲ್ಲಾ ಮೇಷ್ಟ್ರೇ, ಒಟ್ಟೆ ಚುರ್ ಅಂತು. ನನ್ನಿಂದ ಒಂದು ಕೂಸು ಉಪಾಸ ಕುಂತೈತಲ್ಲ ಅಂತ ಬಿರ್‍ಬಿರ್‍ನೆ ನಂಬರ್ ಓದ್ಬುಟ್ಟೆ” ಎಂದರು ಜಯಮ್ಮ. ಆಮೇಲೆ, ಅದಕ್ಕಿಂತಲೂ ನಾಚಿಕೆಯದೇನೋ ಉಳಿದಿದೆ ಎಂಬಂತೆ, “ಓದಾದ್ಮ್ಯಾಕೆ ಓಗಪ್ಪಾ, ಉಣ್ಣೋಗು ಅಂದೆ. ಆಯ್ತಮ್ಮ ಅಂದ” ಎಂದರು.

ನಾನು ಅಧ್ಯಾಪಕನಾಗಿದ್ದಾಗ ಪಠ್ಯದ ಹೊರಗಿನ ಪ್ರಶ್ನೆ ಬಂದು ವಿದ್ಯಾರ್ಥಿಗಳು ಕಂಗಾಲಾದರೆ ಅವರ ಪರವಾಗಿ ವಾದಿಸಿ ಅಂಕ ಕೊಡಿಸಿದ್ದುಂಟು. ಇಲ್ಲಿ ಯಾರ ಬಳಿ ವಾದಿಸುವುದು? ನಿಸಾರ್ ಮತ್ತು ನಾನು ಅವರನ್ನು ಬ್ಯಾಂಕಿಗೂ ಠಾಣೆಗೂ ಕರೆದೊಯ್ದೆವು. ಕಳೆದುಹೋದದ್ದು ಗೊತ್ತಾಗಿ ಎರಡು ದಿನ ಜಯಮ್ಮ ಗಂಡನಿಗೂ ಹೇಳದೆ ಕೂತಿದ್ದರು. ಮೊದಲೇ ಬಂದಿದ್ದರೆ ತಡೆಯಬಹುದಿತ್ತೇನೋ ಎಂದು ಅಲ್ಲಿನವರು ಹೇಳಿದಾಗ ಜಯಮ್ಮ ತಲೆ ತಗ್ಗಿಸಿದರು. ಯಾಕೆ ಮೊದಲೇ ಹೇಳಲಿಲ್ಲವೆಂದು ಹೊರಗೆ ಬಂದ ಮೇಲೆ ನಾನು ಕೇಳಿದೆ. ಆಸೆಗೆ ಬಿದ್ದು ಕಳೆದುಕೊಂಡವರಿಗೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತದೆ, ಯಾವನೋ ಉಂಡಿಲ್ಲ ಅಂದನೆಂದು ದುಡ್ಡು ಕೊಟ್ಟವಳನ್ನು ಜನ ಏನಂದಾರು ಎಂಬ ಅರ್ಥದ ಮಾತು ಹೇಳಿದರು. ಜನ ಅದನ್ನೇ ಅಂದರು. ಡೈರಿಯಲ್ಲಿ ಹಾಲು ಹಾಕಲು ನಿಂತಾಗ ಯಾರೋ, “ಏನಕ್ಕಾ, ನಿನ್ನ ಮಗ ಉಂಡ್ನಂತಾ?” ಎಂದು ನಕ್ಕರಂತೆ.

ಸಂಘ ಮತ್ತೆ ಹೊಂಗನೂರಿನಲ್ಲಿ ಸಭೆ ಕರೆಯಿತು. ಕಳೆದುಕೊಂಡವರೇ ಎರಡು ಮಾತಾಡಿದರೆ ನನ್ನ ಒಂದು ಗಂಟೆಯ ವಾಗ್ಝರಿಗಿಂತ ಪರಿಣಾಮ ಹೆಚ್ಚೆಂದು ನಿಸಾರ್ ಸೂಚಿಸಿದರು. ಅದರಲ್ಲಿ ಸತ್ಯವಿದ್ದದ್ದರಿಂದ ನಾನು ನೊಂದುಕೊಳ್ಳುವ ಹಾಗಿರಲಿಲ್ಲ. ಜಯಮ್ಮ ಒಲ್ಲೆ ಎನ್ನಲಿಲ್ಲ. ಎದ್ದು ನಿಂತು, ಮೈಕನ್ನು ದೂರವೇ ಹಿಡಿದು, “ಗುರುತಿಲ್ದೋರ್ನ ಉಂಡ್ಯಾ ಅಂತ ಕೇಳ್ಬ್ಯಾಡಿ. ಅಷ್ಟೇಯ” ಎಂದು ಕೂತರು. ಯಾರೂ ನಗಲಿಲ್ಲ. ನನ್ನ ಸರದಿ ಬಂದಾಗ ದ್ವಾರಗಳ ರೂಪಕ ಬಾಯಿಗೆ ಬರಲಿಲ್ಲ. ಅಭಿನಯಕ್ಕೆಂದು ಎತ್ತಿದ ಕೈಯಿಂದ ಕನ್ನಡಕ ಸರಿಮಾಡಿಕೊಂಡೆ. ಸಭೆ ಮುಗಿದ ಮೇಲೆ ಜಯಮ್ಮ ನಮಸ್ಕಾರ ಹೇಳಿ ಹುಳಕ್ಕೆ ಸೊಪ್ಪು ಹಾಕಬೇಕೆಂದು ಹೊರಟುಹೋದರು. ಅಂದು ನನಗೆ ಬೊಂಬೆ ಸಿಕ್ಕಿತು, ಊಟ ಸಿಗಲಿಲ್ಲ. ಗುರುತಿಲ್ಲದವರಿಗೆಂದು ಮುಚ್ಚಿದ ಬಾಗಿಲು ಗುರುತಿದ್ದವರಿಗೆಂದು ಬೇರೆಯಾಗಿ ತೆರೆದಿರುವುದಿಲ್ಲ ಎಂಬುದು ನನಗೆ ಬಸ್ಸಿನಲ್ಲಿ ಹೊಳೆಯಿತು. ಎಚ್ಚರಿಕೆ ಬೇಕು, ಅದರಲ್ಲಿ ಸಂಶಯವಿಲ್ಲ. ಇಂದಿಗೂ ಅದನ್ನೇ ಹೇಳುತ್ತೇನೆ. ಆದರೆ ಅದಕ್ಕೆ ತೆರುವ ಬೆಲೆ ಗೂಡಿನ ದುಡ್ಡಿಗಿಂತ ದೊಡ್ಡದೆಂದು ನೆನೆದಾಗ ಸಂಕಟವಾಗುತ್ತದೆ.

ಮೊನ್ನೆ ಠಾಣೆಯಿಂದ ನಿಸಾರರಿಗೆ ತಿಳಿಸಿದರು: ಹಣ ಎಲ್ಲೆಲ್ಲೋ ಕೈಬದಲಾಗಿ ಹೋಗಿದೆ, ಇನ್ನು ಬರುವ ಆಸೆಯಿಲ್ಲ. ಜಯಮ್ಮನವರಿಗೆ ಹೇಳುವ ಕೆಲಸ, ಭಾಷಣದ ಖಾತೆಯವನಾದ್ದರಿಂದ, ನನ್ನ ಪಾಲಿಗೆ ಬಂತು. ಸಂಘದ ಕಚೇರಿಯ ಹೊಸ ಫೋನಿನಿಂದ ಕರೆಮಾಡಿದೆ. ಕೆಟ್ಟ ಸುದ್ದಿ ಹೊತ್ತವನು ಹೇಗೆ ಶುರುಮಾಡಬೇಕೋ ಹಾಗೆಯೇ ಶುರುಮಾಡಿದೆ: “ಜಯಮ್ಮಾ, ಉಂಡ್ರಾ?”

“ಯಾರ್ ನೀನು? ನಾನು ಉಂಡ್ರೆ ನಿನಗೇನು, ಬುಟ್ರೆ ನಿನಗೇನು?” ಎಂದು ಕರೆ ಕತ್ತರಿಸಿದರು. ಮತ್ತೆ ಮಾಡಿದರೆ ಎತ್ತಲಿಲ್ಲ. ನಾನು ಊರೂರಲ್ಲಿ ಕಲಿಸಿದ ಪಾಠವನ್ನು ಇಷ್ಟು ಚೊಕ್ಕವಾಗಿ ಒಪ್ಪಿಸಿದವರು ಬೇರೊಬ್ಬರಿಲ್ಲ. ಮೆಚ್ಚಬೇಕಾದ ಮೇಷ್ಟ್ರಾದ ನಾನು ಫೋನು ಹಿಡಿದುಕೊಂಡು ಅಲ್ಲೇ ಕೂತಿದ್ದೆ.

ಮರುದಿನ ಬಸ್ಸು ಹತ್ತಿ ಹೊಂಗನೂರಿಗೆ ಹೋದೆ. ನಡುಮಧ್ಯಾಹ್ನ. ಹುಳುಮನೆಯ ಮೇಲೆ ಅದೇ ಹಳೆಯ ಶೀಟು, ಅದರ ಮೇಲೆ ತೆಂಗಿನ ಗರಿ ಹೊದಿಸಿದ್ದರು. ಜಯಮ್ಮ ಹೊರಗೆ ಬಂದು, ಗುರುತು ಹಿಡಿದು, ಜಗಲಿ ತೋರಿಸಿ ನೀರು ಕೊಟ್ಟರು. ಅವರು ಕೇಳಬಹುದೆಂದು ನೀರು ಕುಡಿಯುತ್ತಾ ಸ್ವಲ್ಪ ಹೊತ್ತು ಕಾದೆ. ಕೇಳಲಿಲ್ಲ. ನಾನೇ ಕೇಳಿದೆ.

“ಉಂಡ್ರಾ, ಜಯಮ್ಮಾ?”

ನನ್ನ ಮುಖವನ್ನು ನೋಡಿದರು. ಕೈಯಲ್ಲಿದ್ದ ಸೊಪ್ಪಿನ ಪುಟ್ಟಿಯನ್ನು ಕೆಳಗಿಟ್ಟರು.

“ಇಲ್ಲ ಮೇಷ್ಟ್ರೇ. ಒಸಿ ತಡ್ಕಳಿ. ಉಂಡ್ ಬತ್ತೀನಿ, ಆಮ್ಯಾಕೆ ಯೋಳಿ.”

ಒಳಗೆ ಹೋಗಿ ತಟ್ಟೆ ಹಾಕಿಕೊಂಡ ಸದ್ದು ಕೇಳಿತು. ಬಹಳ ನಿಧಾನವಾಗಿ ಉಣ್ಣುತ್ತಿದ್ದರು. ನಾನು ಜಗಲಿಯ ಮೇಲೆ ಕೂತು ಕಾದೆ. ನನ್ನದೂ ಇನ್ನೂ ಆಗಿರಲಿಲ್ಲ.