ನೀರುಗಂಟಿ ದೊಡ್ಡಪ್ಪ ಕಡಲು ನೋಡಿದ್ದು

ನಾವೆಲ್ಲ ನೀರನ್ನು ಕಣ್ಣಿನಿಂದ ನೋಡಿದರೆ ನಾರಾಯಣಪ್ಪ ದೊಡ್ಡಪ್ಪ ಕಾಲಿನ ಹೆಬ್ಬೆರಳಿನಿಂದ ನೋಡುತ್ತಿದ್ದರು. ಚಪ್ಪಲಿ ಬಿಟ್ಟು, ಪಂಚೆ ಎತ್ತಿಕಟ್ಟಿ, ಬಲಗಾಲಿನ ಹೆಬ್ಬೆರಳನ್ನು ಕೆರೆಯ ಅಂಚಿನಲ್ಲಿ ಅದ್ದಿ ಕಣ್ಣು ಮುಚ್ಚಿ ನಿಂತರೆಂದರೆ ಸುತ್ತ ಯಾರೂ ಉಸಿರೆತ್ತುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ತೀರ್ಪು ಬರುತ್ತಿತ್ತು: "ಸಂಕ್ರಾಂತಿ ತನಕ ಬರ್ತದೆ. ರಾಗಿ ಹಾಕ್ಕೊಳ್ಳಿ, ಭತ್ತದ ಆಸೆ ಬೇಡ."

ಅವರು ನನ್ನ ಅಪ್ಪನ ಅಣ್ಣ, ಜಂಗಮಕೋಟೆ ಹತ್ತಿರದ ನಮ್ಮೂರ ಕೆರೆಯ ನೀರುಗಂಟಿ. ತೂಬು ಎತ್ತಿ, ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ನೋಡಿಕೊಳ್ಳುವುದು ಅವರ ಕೆಲಸ. ಕೆರೆ ಎಷ್ಟೋ ವರ್ಷ ಒಣಗಿ ಜಾಲಿ ಬೆಳೆದಿದ್ದಾಗಲೂ ಬೆಳಿಗ್ಗೆ ಎದ್ದು ಏರಿಯ ಮೇಲೆ ಒಂದು ಸುತ್ತು ಹೋಗಿ ಬರುತ್ತಿದ್ದರು. "ನೀರಿಲ್ದಿರೋ ಕೆರೆಗೆ ಏನು ಕಾವಲು ದೊಡ್ಡಪ್ಪ?" ಎಂದು ನಾನು ರೇಗಿಸಿದರೆ, "ಅದು ಬರೋ ಹೊತ್ಗೆ ನಾನಿಲ್ದಿದ್ರೆ ಬೇಜಾರು ಮಾಡ್ಕೊಂತದೆ ಕಣಮ್ಮ ಸುಧಮ್ಮ" ಅನ್ನುತ್ತಿದ್ದರು.

ನಾನು ಶುದ್ಧ ಪುಕ್ಕಲು. ಈಗಲೂ ಹಾಗೇ. ಶಿಡ್ಲಘಟ್ಟದಲ್ಲಿ ಮೂವತ್ತೈದು ಮಕ್ಕಳಿಗೆ ಗದರುವ ಟೀಚರಮ್ಮ, ಮೊಣಕಾಲುದ್ದದ ನೀರು ಕಂಡರೆ ಬೆವರುತ್ತೇನೆ. ಚಿಕ್ಕವಳಿದ್ದಾಗ ನನ್ನನ್ನು ಏರಿಯ ಮೇಲೆ ನಡೆಸಿಕೊಂಡು ಹೋಗಲು ದೊಡ್ಡಪ್ಪ ಒಬ್ಬರಿಂದಲೇ ಆಗುತ್ತಿತ್ತು. ಅವರ ತೋರುಬೆರಳು ಹಿಡಿದರೆ ನನಗೆ ಪಕ್ಕದಲ್ಲಿ ಕೆರೆ ಇರುವುದೇ ಮರೆತುಹೋಗುತ್ತಿತ್ತು.

ಎಪ್ಪತ್ತು ದಾಟಿದರೂ ಅವರು ಕಡಲು ನೋಡಿರಲಿಲ್ಲ. ಒಂದು ದಸರಾ ರಜೆಗೆ ನಾನು, ನನ್ನ ಗಂಡ ಮೋಹನ, ಎಂಟು ವರ್ಷದ ಮಗಳು ಅನು ಕಾರಿನಲ್ಲಿ ಕರಾವಳಿಗೆ ಹೊರಟಾಗ ಅವರನ್ನೂ ಬಲವಂತವಾಗಿ ಕೂರಿಸಿಕೊಂಡೆವು. ಹಾಸನ ದಾಟುವವರೆಗೂ ಒಂದು ಕೆರೆ ಬಿಡದೆ ಯೋಗಕ್ಷೇಮ ವಿಚಾರಿಸಿದರು. "ಹೂಳು ತೆಗ್ಸಿಲ್ಲ ಬಡ್ಡೀಮಕ್ಳು" ಎಂದು ಯಾರದೋ ಊರಿನವರನ್ನು ಬೈದರು.

ಘಾಟಿ ಇನ್ನೂ ಶುರುವಾಗಿರಲಿಲ್ಲ. ಒಂದು ತಿರುವಿನಲ್ಲಿ ರಸ್ತೆಯ ನಡುವೆಯೇ ಆನೆ ನಿಂತಿತ್ತು. ಒಂಟಿ, ಉದ್ದ ದಂತ. ಮೋಹನ ಗಾಡಿ ಹಿಂದಕ್ಕೆ ಎಳೆಯಲು ಹೋದರು, ಗೇರು ಬೀಳಲಿಲ್ಲ. ನಾನು ಅನುವಿನ ಬಾಯಿ ಮುಚ್ಚಿ ಹಿಡಿದಿದ್ದೆ, ಕಿರುಚುತ್ತಿದ್ದುದು ನಾನೇ. ದೊಡ್ಡಪ್ಪ ಮುಂದಿನ ಸೀಟಿನಿಂದ ಮೋಹನನ ಕೈ ಹಿಡಿದರು. "ಇಂಜಿನ್ ಆರಿಸಪ್ಪ. ಬಲಗಡೆ ಹಳ್ಳ ಐತೆ, ಸದ್ದು ಕೇಳಿಸ್ತಾ ಇಲ್ವಾ? ಅದಕ್ಕೂ ಬಾಯಾರಿಕೆ. ನಮ್ಮ ಜೊತೆ ಅದಕ್ಕೇನು ಕೆಲಸ?" ಆನೆ ಕಿವಿ ಬೀಸುತ್ತ ಬಲಕ್ಕೆ ಇಳಿದುಹೋಯಿತು. ಈ ಮನುಷ್ಯ ಜೊತೆಗಿದ್ದರೆ ಏನೂ ಆಗುವುದಿಲ್ಲ ಅನ್ನುವ ನನ್ನ ಬಾಲ್ಯದ ನಂಬಿಕೆ ಆವತ್ತು ಇನ್ನೂ ಗಟ್ಟಿಯಾಯಿತು.

ಮಾರನೆಯ ದಿನ ಉಡುಪಿಯಿಂದ ಉತ್ತರಕ್ಕೆ ಒಂದು ಸಣ್ಣ ಕಡಲತೀರಕ್ಕೆ ಹೋದೆವು. ದೊಡ್ಡಪ್ಪ ಕಡಲನ್ನು ನೋಡಿ ಕೈ ಮುಗಿದರು. ಆಮೇಲೆ ಕೇಳಿದ್ದು, "ಇದಕ್ಕೆ ಕೋಡಿ ಎಲ್ಲೈತೆ?"

ತೀರದಿಂದ ಮೂವತ್ತು ಮಾರು ದೂರದಲ್ಲಿ ಒಂದು ಕಪ್ಪು ಬಂಡೆ, ಅಲ್ಲಿಯವರೆಗೂ ಮರಳಿನ ದಾರಿ. ಬಂಡೆಯ ಮೇಲೆ ಏಡಿ, ನಕ್ಷತ್ರಮೀನು ಇವೆಯೆಂದು ಯಾರೋ ಹೇಳಿದ್ದೇ ತಡ, ಅನು ಕುಣಿಯತೊಡಗಿದಳು. ನಾನು ಬೇಡವೆಂದೆ. ದೊಡ್ಡಪ್ಪ ನೀರಂಚಿಗೆ ಒಂದು ಕಡ್ಡಿ ನೆಟ್ಟು, ಹೆಬ್ಬೆರಳು ಅದ್ದಿ, ಕಣ್ಣು ಮುಚ್ಚಿದರು. ಹತ್ತು ನಿಮಿಷಕ್ಕೆ ನೀರು ಕಡ್ಡಿಯಿಂದ ಒಂದು ಗೇಣು ಹಿಂದೆ ಸರಿದಿತ್ತು. "ಇಳೀತಾ ಐತೆ ಕಣಮ್ಮ. ಮೇಲೆ ಒಂದು ಚೂರು ಮೋಡ ಇಲ್ಲ, ಇನ್ನೆಲ್ಲಿಂದ ಬರ್ತದೆ ನೀರು?" ನಮ್ಮ ಕಡೆ ಇಳಿದ ನೀರು ಮಳೆ ಬಾರದೆ ಏರಿದ್ದನ್ನು ಯಾರು ಕಂಡಿದ್ದಾರೆ? ಪುಸ್ತಕದಲ್ಲಿ ಓದಿದ್ದೆಲ್ಲ ಮರೆತು ನನಗೂ ಅದು ಸರಿಯೆಂದೇ ತೋರಿತು. ಮಗಳ ಕೈಯನ್ನು ನಾನೇ ಅವರ ಕೈಗೆ ಕೊಟ್ಟೆ.

ಮೋಹನ ಕಾರಿನಲ್ಲಿ ನಿದ್ದೆ ಹೋದರು. ನಾನೂ ಗಾಳಿಮರದ ನೆರಳಲ್ಲಿ ಕೂತು, ಆನೆಯ ಸುದ್ದಿಯನ್ನು ತಂಗಿಗೆ ಫೋನಿನಲ್ಲಿ ಬಣ್ಣಿಸುತ್ತ ಮೈಮರೆತೆ. ಎಷ್ಟು ಹೊತ್ತು ಕಳೆಯಿತೋ, ತಲೆಯೆತ್ತಿದಾಗ ಮರಳಿನ ದಾರಿ ಇರಲಿಲ್ಲ.

ಬಂಡೆ ಇತ್ತು, ಸುತ್ತ ನೀರಿತ್ತು, ಅದರ ಮೇಲೆ ಇಬ್ಬರು. ಓಡಿದೆ, ನೀರು ಮೊಣಕಾಲಿಗೆ ಬಂದೊಡನೆ ಕಾಲು ಕಲ್ಲಾಯಿತು. ನನ್ನ ಮಗಳು ಅಲ್ಲಿ, ನಾನು ಇಲ್ಲಿ, ಒಂದು ಹೆಜ್ಜೆ ಮುಂದಿಡಲಾಗದ ನನ್ನ ಹಾಳು ಭಯವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ದೊಡ್ಡಪ್ಪ ಅನುವನ್ನು ಹೆಗಲ ಮೇಲೆ ಕೂರಿಸಿಕೊಂಡು ಇಳಿದರು. ಸೊಂಟಕ್ಕೆ ಬಂತು, ಎದೆಗೆ ಬಂತು. ಕೆರೆಯಲ್ಲಿ ಈಜಿದವರಿಗೆ ಅಲೆ ಗೊತ್ತಿಲ್ಲ. ಬೆನ್ನಿಗೆ ಬಂದ ಒಂದು ಅಲೆ ಇಬ್ಬರನ್ನೂ ಮುಚ್ಚಿತು.

ಮತ್ತೆ ಕಂಡದ್ದು ಅನು ಒಬ್ಬಳೇ. ನೀರಿನ ಮೇಲೆ ಅವಳು, ಅವಳ ಸೊಂಟ ಹಿಡಿದ ಎರಡು ಕೈ. ದೊಡ್ಡಪ್ಪನ ತಲೆ ಕಾಣಲಿಲ್ಲ.

ಬಲೆ ಹೆಣೆಯುತ್ತಿದ್ದ ಇಬ್ಬರು ಮೀನುಗಾರರು ಅಷ್ಟರಲ್ಲಿ ನೀರಿಗೆ ಬಿದ್ದಿದ್ದರು. ಮೊದಲು ಅನುವನ್ನು, ಹಿಂದೆಯೇ ದೊಡ್ಡಪ್ಪನನ್ನು ಎಳೆದು ತಂದರು. ಮಗು ಕೆಮ್ಮಿ ಅತ್ತಿತು. ಅವಳನ್ನು ತಬ್ಬಿಕೊಂಡು ನಾನು ದೊಡ್ಡಪ್ಪನ ಕಡೆ ತಿರುಗಿದೆ. ಎಂದೂ ಏಕವಚನ ಆಡದವಳು ಕೂಗಿದೆ: "ನನ್ನ ಮಗೂನ ಸಾಯಿಸಿಬಿಡ್ತಿದ್ದೆಯಲ್ಲೋ! ನೀರು ಅಂದ್ರೆ ಏನು ಗೊತ್ತು ನಿಂಗೆ?"

ಅವರು ಮರಳಿನ ಮೇಲೆ ಕೂತು ಉಪ್ಪುನೀರು ಕಾರುತ್ತಿದ್ದರು. ಮೀನುಗಾರರಲ್ಲಿ ಹಿರಿಯ, "ದಿನಕ್ಕೆ ಎರಡು ಸಲ ನೀರು ಏರ್ತದೆ ಮಾರಾಯ್ರೆ, ನಿಮಗೆ ಗೊತ್ತಿಲ್ವಾ?" ಅಂದ. ದೊಡ್ಡಪ್ಪ ಅವನ ಮುಖ ನೋಡಿ, "ಮಳೆ ಇಲ್ದೇನೂ?" ಎಂದು ಕೇಳಿದರು, ಅಷ್ಟೇ.

ಊರಿಗೆ ಬಂದ ವಾರಕ್ಕೆ ತೂಬಿನ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿಬಿಟ್ಟರಂತೆ. ಬೆಳಗಿನ ಸುತ್ತೂ ನಿಂತಿತು. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅವರ ಮನೆ ಬಾಗಿಲವರೆಗೆ ಹೋಗಿ, ಕಾಫಿ ಕುಡಿದು, ರೇಷ್ಮೆಗೂಡಿನ ರೇಟು ಮಾತಾಡಿ ವಾಪಸ್ ಬಂದಿದ್ದೇನೆ.

ಮುಂದಿನ ಮಳೆಗಾಲ ಕೆರೆ ತುಂಬಿ ಕೋಡಿ ಹರಿಯಿತು. ಊರೆಲ್ಲ ನೋಡಲು ಹೊರಟಿತು. ಅನುವಿಗೆ ಕಡಲಿನ ಭಯ ಒಂದಿಷ್ಟೂ ಉಳಿದಿರಲಿಲ್ಲ, ತಾತ ಬಂದರೇ ಹೋಗುವುದೆಂದು ಹಟ ಹಿಡಿದಳು. ಅವರು ಏರಿಯ ಬುಡದವರೆಗೂ ಬಂದು ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ಆವತ್ತು ಹೇಳಲೇಬೇಕೆಂದು ನಾನು ಅನುವಿನ ಕೈಯನ್ನು ಅವರ ಕೈಯಲ್ಲಿಟ್ಟೆ. "ದೊಡ್ಡಪ್ಪ, ನೀವೇ ಕರ್ಕೊಂಡ್ ಹೋಗಿ. ನಾನು ಆವತ್ತು ಅಂದಿದ್ದು..."

ಅವರು ಕೈ ಬಿಡಿಸಿಕೊಂಡು ನನ್ನ ಕೈಗೇ ಮಗುವನ್ನು ಒಪ್ಪಿಸಿದರು. "ಬೇಡಮ್ಮ. ನೀನೇ ಹಿಡ್ಕೊ. ನಂಗೆ ಭಯ ಆಯ್ತದೆ."

ನನ್ನ ಮಾತು ಅರ್ಧಕ್ಕೇ ನಿಂತಿತು. ಪೂರ್ತಿ ಮಾಡಲು ಆಮೇಲೆ ಅವಕಾಶ ಸಿಗಲಿಲ್ಲ, ಹದಿನೈದು ದಿನಕ್ಕೆ ಅವರು ಹೋಗಿಬಿಟ್ಟರು. ಕೋಡಿ ನೋಡಲು ಹೋದ ಆ ದಿನ ನಾನು, ಅನು ಇಬ್ಬರೇ ಏರಿಯ ಮೇಲೆ ಹತ್ತಿದೆವು. ಅನು ಮೇಲಿನಿಂದ ಕೈ ಬೀಸಿ ಕೂಗಿದಳು, "ತಾತಾ, ಎಷ್ಟು ಆಳ ಇದೆ ಇಲ್ಲಿ?"

ಕೆಳಗೆ ಕೆರೆಗೆ ಬೆನ್ನು ಹಾಕಿ ಕೂತಿದ್ದ ನೀರುಗಂಟಿ ತಿರುಗಿ ನೋಡದೆ ಹೇಳಿದರು, "ನಂಗೊತ್ತಿಲ್ಲ ಕಣಮ್ಮ, ಇತ್ಲಾಗೆ ಬಂದ್ಬಿಡು."