ಅಕ್ಕನ ದಪ್ಪಕ್ಷರದ ಪುಸ್ತಕ

"ಹುಳ ದಪ್ಪ ಆದ್ಮೇಲೆ ಜಾಗ ಬಿಡಬೇಡ್ವಾ?" ಎಂದು ಅವತ್ತು ಕೇಳಿದವರು ಯಾರು ಎನ್ನುವುದು ನನಗೆ ಖಚಿತವಿಲ್ಲ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ಕತೆ ಹೇಳುವಾಗ ನಾನೇ ಕೇಳಿದೆ ಎನ್ನುತ್ತೇನೆ. ಅಕ್ಕ, ಕೇಳಿದ್ದು ತಾನು ಎನ್ನುತ್ತಾಳೆ. ಭಾವ ನಮ್ಮಿಬ್ಬರನ್ನೂ ಸುಳ್ಳುಬುರುಕರು ಎಂದು ಕರೆದು, ಆ ಮಾತನ್ನು ತಮ್ಮ ಖಾತೆಗೆ ಹಾಕಿಕೊಳ್ಳುತ್ತಾರೆ. ನಾನು ಚಿಂತಾಮಣಿಯಲ್ಲಿ ಇತಿಹಾಸ ಪಾಠ ಮಾಡುವವನು. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ. ಇಲ್ಲಿ ಮೂವರು ಸಾಕ್ಷಿಗಳಿದ್ದಾರೆ, ಮೂವರಿಗೂ ಹೆಸರಿನ ಆಸೆ. ಆದ್ದರಿಂದ ನೆನಪಿದ್ದಂತೆ ಬರೆಯುತ್ತೇನೆ, ಅನುಮಾನವಿದ್ದ ಕಡೆ ಅನುಮಾನ ಎಂದೇ ಹೇಳುತ್ತೇನೆ.

ಅಕ್ಕ ಸಾದಲಿ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಿಸ್ಸು. ಮನೆ ಮೇಲೂರಿನಲ್ಲಿ. ಭಾವನಿಗೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ. ಕೆಲವು ವರ್ಷಗಳ ಹಿಂದೆ ಅಕ್ಕನ ನೋಟದ ನಡುಭಾಗ ಮಸುಕಾಗತೊಡಗಿತು. ಎದುರಿಗಿದ್ದವರ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ಕನ್ನಡಕ ಬದಲಿಸಿ ಪ್ರಯೋಜನವಿಲ್ಲ, ಇನ್ನಷ್ಟು ಕೆಡದ ಹಾಗೆ ನೋಡಿಕೊಳ್ಳಬಹುದು ಎಂದು ಡಾಕ್ಟರು ಹೇಳಿದ್ದರು.

ಆದರೂ ಅವಳ ಪಾಠ ನಿಂತಿರಲಿಲ್ಲ. ಕಾರಣ, ಅಷ್ಟು ವರ್ಷ ಮಾಡಿದ ಪಾಠಗಳೆಲ್ಲ ಅವಳಿಗೆ ಬಾಯಿಗೆ ಬರುತ್ತಿದ್ದವು. ಕೈಯಲ್ಲಿ ಪುಸ್ತಕ ಹಿಡಿದು, ಕಣ್ಣನ್ನು ಅದರ ಮೇಲಿಟ್ಟು, ಮನಸ್ಸಿನಿಂದ ಓದುತ್ತಿದ್ದಳು. ನನಗೆ ನಿನ್ನೆಯ ಊಟ ನೆನಪಿರುವುದಿಲ್ಲ, ಅವಳಿಗೆ ಪದ್ಯದ ಕೊನೆಯಲ್ಲಿರುವ ಪದಗಳ ಅರ್ಥವೂ ನೆನಪಿರುತ್ತಿತ್ತು.

ಹೀಗಿರುವಾಗ ಪಠ್ಯಪುಸ್ತಕ ಬದಲಾಯಿತು. ಹೊಸ ಗದ್ಯಗಳು ಬಂದವು. ಭೂತಗನ್ನಡಿಯಲ್ಲಿ ಒಂದೊಂದೇ ಪದ ಹಿಡಿಯಬಹುದು, ಅಷ್ಟೆ. ಹಾಗೆ ಓದುತ್ತ ತರಗತಿಯ ಮುಂದೆ ನಿಲ್ಲಲು ಆಗುವುದಿಲ್ಲ. ಒಂದು ಭಾನುವಾರ ನಾನು ಮೇಲೂರಿಗೆ ಹೋದಾಗ ಅಕ್ಕ ಹುರುಳಿಕಾಯಿ ಮುರಿಯುತ್ತ, ತರಕಾರಿ ಬೆಲೆ ಹೇಳಿದ ಹಾಗೆ, "ರಜ ಮುಗಿದ್ಮೇಲೆ ಸ್ವಯಂ ನಿವೃತ್ತಿಗೆ ಬರ್ಕೊಡ್ತೀನಿ ಕಣೋ" ಅಂದಳು.

"ಭಾವ ಓದಿ ಹೇಳ್ಲಿ, ನೀನು ಬಾಯಿಪಾಠ ಮಾಡ್ಕೊ," ಅಂದೆ.

"ಮಾಡ್ಕೊಂಡೆ ಅಂತಿಟ್ಕೊ. ಒಂದು ಮಗು ಎದ್ದು, ಮಿಸ್, ಈ ಸಾಲಿಗೆ ಏನರ್ಥ ಅಂದ್ರೆ? ಯಾವ ಸಾಲು ಅಂತ ನಾನೇ ಆ ಮಗೂನ ಕೇಳ್ಲಾ? ಟೀಚರಮ್ಮ ಆಗಿ ಇರೋದಾದ್ರೆ ನೋಡಿ ಓದ್ಬೇಕು. ಇಲ್ಲ, ಮನೇಲಿರ್ಬೇಕು."

ಭಾವ ಎದ್ದು ಹೋಗಿ ಹೊಸ ಪುಸ್ತಕ ತಂದು ನನ್ನ ಮುಂದಿಟ್ಟರು. ಅವರು ಮಾತಿಲ್ಲದೆ ಏನಾದರೂ ಮಾಡುವುದು ಅಪರೂಪ, ಆದ್ದರಿಂದ ಇದು ನಿಜವಾಗಿಯೂ ನೆನಪಿದೆ ಎಂದುಕೊಂಡಿದ್ದೇನೆ.

ನನ್ನ ಲ್ಯಾಪ್‌ಟಾಪ್ ಜೊತೆಗಿತ್ತು. ಪಾಠಗಳನ್ನು ಟೈಪ್ ಮಾಡಿ ಅಕ್ಷರ ದಪ್ಪ ಮಾಡಿ ಪ್ರಿಂಟ್ ತೆಗೆದರೆ ಮುಗಿಯಿತಲ್ಲ ಎಂದೆ. ಮುಗಿಯಿತು ಎನ್ನುವ ಮಾತನ್ನು ನಾನು ಬೇಗ ಆಡುತ್ತೇನೆ. ಅಂದೇ ಶುರುವಾಯಿತು. ಭಾವ ಹೊಸ ಪುಸ್ತಕ ಹಿಡಿದು ಓದುವುದು, ನಾನು ಟೈಪಿಸುವುದು, ಅಕ್ಕ ಇಬ್ಬರ ತಪ್ಪನ್ನೂ ಹಿಡಿಯುವುದು. ಭಾವನ ಮನೆಮಾತು ತೆಲುಗು. ಅವರು ಓದಿದರೆ ಯಾವ ಗದ್ಯವಾದರೂ ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ ಕೇಳುತ್ತದೆ.

"ಸ್ವಲ್ಪ ನಿಧಾನ ಓದ್ರೀ, ಅವ್ನಿಗೆ ಬೆರಳು ಹತ್ತೇ ಇರೋದು," ಎಂದು ಅಕ್ಕ.

"ಹತ್ತಿದ್ರೂ ಎರಡರಲ್ಲೇ ಹೊಡೀತಾನೆ ಕದಾ, ಎಂ.ಎ. ಓದಿರೋನು!" ಎಂದು ಭಾವ.

ಮೊದಲ ಪಾಠ ಮುಗಿದ ಮೇಲೆ ಎಲ್ಲವನ್ನೂ ಆಯ್ಕೆ ಮಾಡಿ ಅಕ್ಷರದ ಅಳತೆ ಹೆಚ್ಚಿಸಿದೆ. ಪುಟ ಚೆಲ್ಲಾಪಿಲ್ಲಿಯಾಯಿತು. ನಾನು ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತಿದ್ದೆ. ಶೀರ್ಷಿಕೆ ನಡುವೆ ಬರಲೆಂದು ಸ್ಪೇಸ್ ಬಾರ್ ಕುಟ್ಟಿದ್ದೆ. ಅಕ್ಷರ ಹಿಗ್ಗಿದಾಗ ಒಂದು ಸಾಲು ಉದ್ದ, ಮುಂದಿನದರಲ್ಲಿ ಎರಡೇ ಪದ. ಒಂದೊಂದೇ ಎಂಟರನ್ನು ಅಳಿಸುತ್ತ ಕೂತೆ. ಶೀರ್ಷಿಕೆಗೆ ಒಂದು, ಪಾಠಕ್ಕೆ ಒಂದು, ಪದಗಳ ಅರ್ಥಕ್ಕೆ ಒಂದು ಎಂದು ಸ್ಟೈಲ್‌ಗಳನ್ನು ಮಾಡಿಟ್ಟುಕೊಂಡರೆ, ಒಂದು ಕಡೆ ಬದಲಿಸಿದ್ದು ಇಡೀ ಪುಸ್ತಕದಲ್ಲಿ ಬದಲಾಗುತ್ತದೆ ಎಂದು ಕಲಿತದ್ದು ಆಗಲೇ. ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಬರೆದಿದ್ದೆ, ಅದನ್ನು ಇನ್ನೊಬ್ಬರು ಟೈಪ್ ಮಾಡಿಕೊಟ್ಟಿದ್ದರು.

ಮುಂದಿನ ಭಾನುವಾರ ಶಿಡ್ಲಘಟ್ಟದಲ್ಲಿ ಪ್ರಿಂಟ್ ತೆಗೆಸಿ ತಂದೆ. ಅಕ್ಷರ ಕಡಲೆಕಾಳಿನಷ್ಟು ದಪ್ಪ. ಅಕ್ಕ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೊದಲ ಸಾಲು ಓದಿದಳು. ಎರಡನೆಯದರ ಅರ್ಧಕ್ಕೆ ನಿಂತಳು. ಮತ್ತೆ ಮೊದಲಿಂದ. ಮತ್ತೆ ನಿಂತಳು.

"ಅಕ್ಷರ ಕಾಣುತ್ತೆ ಕಣೋ. ಸಾಲು ಕಾಣಲ್ಲ."

"ಹಂಗಂದ್ರೆ?"

"ಮೇಲಿನ ಸಾಲಿನ ಕಾಲು ಕೆಳಗಿನ ಸಾಲಿನ ತಲೆ ಮೇಲೆ ಬೀಳ್ತಾ ಇದೆ. ಎಲ್ಲಾ ಒಂದೇ ಮುದ್ದೆ."

ನಾನು ಹಾಳೆ ಉಳಿಸಲೆಂದು ಸಾಲುಗಳ ನಡುವಿನ ಅಂತರವನ್ನು ಬಿಗಿ ಮಾಡಿದ್ದೆ. ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗೆ ಜೋತು ಬೀಳುತ್ತದೆ, ತಲೆಕಟ್ಟು, ಗುಡಿಸು ಮೇಲೆ ಏರುತ್ತವೆ. ಒಳ್ಳೆಯ ಕಣ್ಣು ಇದನ್ನೆಲ್ಲ ಬೇರ್ಪಡಿಸಿಕೊಳ್ಳುತ್ತದೆ, ಅಕ್ಕನ ಕಣ್ಣಿಗೆ ಅದು ಆಗುತ್ತಿರಲಿಲ್ಲ. ಅವಳು ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟು, "ಬಿಡು, ಇಷ್ಟು ಮಾಡಿದ್ಯಲ್ಲ," ಅಂದಳು. ಆ "ಬಿಡು" ನನಗೆ ಹೆದರಿಕೆ ಹುಟ್ಟಿಸಿತು.

ಆ ಮಾತು ಬಂದದ್ದು ಇಲ್ಲಿ. ಭಾವ ಆಗಷ್ಟೇ ಹುಳದ ಮನೆಯಿಂದ ಬಂದಿದ್ದರು, ನಾಲ್ಕನೇ ಜ್ವರ ಕಳೆದು ಹುಳ ಎದ್ದಿದ್ದವು. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಎದ್ದ ಹುಳ ದಿಢೀರನೆ ಬೆಳೆಯುತ್ತದೆ, ಒಂದು ತಟ್ಟೆಯಲ್ಲಿದ್ದುದನ್ನು ಬೇರೆ ತಟ್ಟೆಗಳಿಗೆ ಹಂಚಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಬಿದ್ದು ಕೆಡುತ್ತವೆ. ಅಕ್ಕ, ನಾನು ಇಬ್ಬರೂ ಹುಳ ಹಂಚುತ್ತಲೇ ಬೆಳೆದವರು. ಮೂವರಲ್ಲಿ ಯಾರ ಬಾಯಿಂದಲಾದರೂ ಬರಬಹುದಾದ ಮಾತು: ಹುಳ ದಪ್ಪ ಆದ್ಮೇಲೆ ಜಾಗ ಬಿಡಬೇಡ್ವಾ? ನಕ್ಕದ್ದು ಮಾತ್ರ ಮೂವರೂ. ಅದರಲ್ಲಿ ವಿವಾದವಿಲ್ಲ.

ಅಲ್ಲೇ ಕೂತು ಸಾಲಿನ ಅಂತರ ಹಿಗ್ಗಿಸುತ್ತ ಹೋದೆ. ಅಕ್ಕ ಪರದೆಯ ಹತ್ತಿರ ಮುಖ ತಂದು "ಇನ್ನೂ... ಇನ್ನೂ... ಸಾಕು," ಎಂದಳು. ಆಮೇಲೆ ಅಕ್ಷರದ ಅಳತೆಯನ್ನು ಅವಳೇ ಸ್ವಲ್ಪ ಇಳಿಸಲು ಹೇಳಿದಳು. ಅಷ್ಟು ದಪ್ಪ ಬೇಕಾಗಿಯೇ ಇರಲಿಲ್ಲ. ಎರಡೂ ಅಂಚು ಸಮ ಬರಲೆಂದು ನಾನು ಮಾಡಿದ್ದ ಜೋಡಣೆಯನ್ನೂ ತೆಗೆಸಿದಳು. ಕನ್ನಡದ ಪದಗಳು ಉದ್ದ, ಅಂಚು ಸಮ ಮಾಡಿದರೆ ಪದಗಳ ನಡುವೆ ದೊಡ್ಡ ಖಾಲಿ ಬೀಳುತ್ತದೆ. "ಹೊಂಡ ದಾಟ್ಕೊಂಡು ದಾಟ್ಕೊಂಡು ಓದ್ಲಾ?" ಎಂದಳು. ಬಲಗಡೆ ಅಂಚು ಹೇಗೆ ಬೇಕಾದರೂ ಇರಲಿ ಎಂದು ಬಿಟ್ಟೆ.

ಇದಾದ ಮೇಲೂ ಒಂದು ತೊಡಕು ಇತ್ತು. ಜಗಲಿಯಲ್ಲಿ ತಾಲೀಮು ಮಾಡಿದೆವು, ಭಾವ ವಿದ್ಯಾರ್ಥಿ. ಪುಟದ ಕೊನೆಯಲ್ಲಿ ವಾಕ್ಯ ಅರ್ಧಕ್ಕೆ ನಿಂತಿತು, ಅಕ್ಕ ಹಾಳೆ ತಿರುವಿ ಮುಂದಿನ ಸಾಲಿನ ಶುರು ಹುಡುಕುತ್ತ ತಡವರಿಸಿದಳು.

"ಮಿಸ್, ಕರೆಂಟ್ ಹೋಯ್ತಾ?" ಎಂದು ಭಾವ.

"ಹೋಗಿ ಬೆಂಚ್ ಮೇಲೆ ನಿಂತ್ಕೊಳ್ಳಪ್ಪ," ಎಂದಳು ಅಕ್ಕ. ಆದರೆ ಅವಳ ಮುಖ ಸಪ್ಪೆಯಾಗಿತ್ತು.

ಪ್ರತಿ ಪ್ಯಾರಾ ಒಂದೇ ಪುಟದಲ್ಲಿ ಮುಗಿಯುವಂತೆ ಮಾಡಿದೆ. ಹಿಡಿಸದಿದ್ದರೆ ಇಡೀ ಪ್ಯಾರಾ ಮುಂದಿನ ಪುಟಕ್ಕೆ ಹೋಗುತ್ತದೆ, ಕೆಳಗೆ ಖಾಲಿ ಉಳಿಯುತ್ತದೆ. ಖಾಲಿ ಕಂಡರೆ ತುಂಬಿಸಬೇಕೆನ್ನುವುದು ನನ್ನ ಚಟ, ಮಾತಿನಲ್ಲೂ ಹಾಗೆಯೇ. ಕಷ್ಟಪಟ್ಟು ಸುಮ್ಮನಿದ್ದೆ. ಈಗ ಅವಳು ಹಾಳೆ ತಿರುವುವುದೂ ಉಸಿರು ತೆಗೆದುಕೊಳ್ಳುವುದೂ ಒಟ್ಟಿಗೆ ಆಗುತ್ತಿತ್ತು. ರಜ ಮುಗಿಯುವ ಹೊತ್ತಿಗೆ ಆರಂಭದ ಪಾಠಗಳೆಲ್ಲ ಸುರುಳಿ ಬೈಂಡಿಂಗ್ ಆಗಿ ಸಿದ್ಧವಾದವು. ಭಾವ ಅದನ್ನು ಕೈಯಲ್ಲಿ ತೂಗಿ, "ಇದು ಪಾಠನಾ, ಪುರಾಣನಾ?" ಎಂದು ಕೇಳಿದರು.

ಶಾಲೆ ಶುರುವಾದ ಮೇಲೆ ಒಂದು ದಿನ, ಬೈಂಡ್ ಆಗದೆ ಉಳಿದಿದ್ದ ಪಾಠವನ್ನು ಕೊಡಲು ನಾನೇ ಸಾದಲಿ ಕಡೆಯ ಬಸ್ ಹತ್ತಿದೆ. ಹತ್ತನೇ ತರಗತಿಯ ಕಿಟಕಿಯ ಹೊರಗೆ ನಿಂತೆ. ಅಕ್ಕ ಪುಸ್ತಕವನ್ನು ಮುಖಕ್ಕೆ ಸ್ವಲ್ಪ ಹತ್ತಿರ, ಕೊಂಚ ಓರೆಯಾಗಿ ಹಿಡಿದು ಓದುತ್ತಿದ್ದಳು. ಪ್ಯಾರಾ ಮುಗಿಯಿತು, ಹಾಳೆ ತಿರುವಿದಳು, ನಿಲ್ಲದೆ ಮುಂದುವರಿದಳು. ಅವಳು ನೋಡಿಯೇ ಓದುತ್ತಿದ್ದಳು ಎಂದು ನನಗೆ ಅನ್ನಿಸಿತು. ಆದರೆ ನನಗೆ ಹಾಗನ್ನಿಸಬೇಕಾಗಿತ್ತು, ಅದೇ ತೊಂದರೆ. ಅಷ್ಟು ಭಾನುವಾರಗಳ ತಾಲೀಮಿನಲ್ಲಿ ಆ ಗದ್ಯ ಅವಳಿಗೆ ಬಾಯಿಗೆ ಬಂದಿರಬಹುದು. ನನ್ನ ಸಮಾಧಾನಕ್ಕೆ ಹಾಳೆ ತಿರುವುತ್ತಿರಬಹುದು. ಕೇಳಿದರೆ, "ನಿನ್ ಅನುಮಾನಕ್ಕೆ ಔಷಧಿ ಇಲ್ಲ, ಹೋಗೋ," ಎಂದಳು. ನಿವೃತ್ತಿಯ ಮಾತನ್ನು ಮತ್ತೆ ಎತ್ತಲಿಲ್ಲ. ಈಗಲೂ ಆ ಶಾಲೆಯಲ್ಲೇ ಇದ್ದಾಳೆ.

ಮರುವರ್ಷ ಆ ತರಗತಿಯ ಒಬ್ಬ ಹುಡುಗಿ ನಮ್ಮ ಕಾಲೇಜಿಗೆ ಪಿಯುಸಿಗೆ ಸೇರಿದಳು. ಮಿಸ್ಸಿನ ತಮ್ಮ ನಾನು ಎಂದು ಹೇಳದೆ, ಕನ್ನಡ ಪಾಠ ಹೇಗಿತ್ತಮ್ಮ ಎಂದು ಕೇಳಿದೆ.

"ಚೆನ್ನಾಗಿತ್ತು ಸಾರ್. ಮಿಸ್ ದೊಡ್ಡ ಬುಕ್ ಇಟ್ಕೊಂಡು ಓದೋರು."

"ನೋಡ್ಕೊಂಡು ಓದೋರಾ, ಬಾಯಿಗೆ ಬರ್ತಿತ್ತಾ?"

"ನೋಡ್ಕೊಂಡೇ ಸಾರ್. ಒಂದ್ಸಲ ನಾನು ಯಾವುದೋ ಪದ ಕೇಳ್ದೆ. ಮಿಸ್ ಎರಡು ಹಾಳೆ ಹಿಂದಕ್ಕೆ ತಿರುವಿ, ಆ ಸಾಲಿನ ಮೇಲೆ ಬೆರಳಿಟ್ಟು, ಬಾ ಇಲ್ಲಿ ನೋಡು ಅಂತ ತೋರಿಸಿದ್ರು."

ಸರಿಯಾದ ಸಾಲೇನಾ ಎಂದು ಕೇಳಿದೆ. ಹೌದು ಸಾರ್, ಅದೇ ಸಾಲು, ಎಂದಳು.